ನಿಂತ ಗಾಡಿಯ ಫೋಟೋ ಹಂಚೋ ಮಂದಿಗೆ

ಪೋಸ್ಟ್ ಉದ್ದ ಐತಿ, ಪುರುಸೊತ್ತು ಮಾಡ್ಕೊಂಡು ಓದ್ರಿ.

ಒಂದು ವಾರದಿಂದ ನಮ್ಮ ಬೆಳಗಾವಿ-ಖಾನಾಪುರ ಭಾಗದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಫೋಟೋ ತಿರುಗಾಡ್ತಿದೆ. ರಸ್ತೆ ಬದಿಗೆ ನಿಂತ ಸಣ್ಣ ಪಿಕಪ್. ಹಿಂದಿನ ಗಾಲಿ ಬಿಚ್ಚಿ ಕಲ್ಲಿನ ಮೇಲೆ ಕೂರಿಸಿದ್ದಾರೆ. ಬಾಡಿಯೊಳಗೆ ಹುಲ್ಲು ಎದ್ದಿದೆ. ಬಾಗಿಲ ಮೇಲೆ ನಿಗಮದ ಹೆಸರು ಅರ್ಧ ಅಳಿಸಿದೆ. ಕೆಳಗೆ ಬರೆದದ್ದು: "ನಮ್ಮ ತೆರಿಗೆ ದುಡ್ಡಿನ ಗಾಡಿ. ಪುಕ್ಕಟೆ ಕೊಟ್ರ ಹಿಂಗ ಆಗೋದು." ಅದಕ್ಕೆ ನಗೋ ಮುಖಗಳು ಎಷ್ಟೋ. ಒಬ್ಬ ದೊಡ್ಡ ಮನುಷ್ಯ ಬರೆದಿದ್ದಾನೆ, "ಅವರಿಗೆ ಗಾಡಿ ಕೊಟ್ರೂ ಅಷ್ಟ, ಎತ್ತು ಕೊಟ್ರೂ ಅಷ್ಟ, ಇಟ್ಕೊಳಾಕ ಬರೂದಿಲ್ಲ."

"ಅವರಿಗೆ" ಅಂದ್ರ ಯಾರಿಗೆ ಅಂತ ನಮಗೆ ಗೊತ್ತು.

ಇದಕ್ಕೆ ಬೈದು ಉತ್ತರ ಕೊಡೋದು ಸುಲಭ. ನಾನು ಬೈಯೋದಿಲ್ಲ, ಬಾನೆಟ್ ತೆಗೆದು ತೋರಿಸ್ತೀನಿ. ಆ ಗಾಡಿ ಯಾಕೆ ನಿಂತಿತು ಅನ್ನೋದಕ್ಕೆ ಉತ್ತರ ಎಂಜಿನ್ನಿನಲ್ಲಿದೆ, ಕ್ಲಚ್ಚಿನಲ್ಲಿದೆ, ಪಾಟಾದಲ್ಲಿದೆ, ಬ್ಯಾಂಕಿನ ಕಂತಿನಲ್ಲಿದೆ. ಮಾಲೀಕನ ಜಾತಿ ಪ್ರಮಾಣಪತ್ರದಲ್ಲಿ ಇಲ್ಲ.

ಮೊದಲು ಆ "ಪುಕ್ಕಟೆ" ಮಾತು. 2023-24ರ ಬಜೆಟ್ಟಿನಲ್ಲಿ ಬಂದ ಸ್ವಾವಲಂಬಿ ಸಾರಥಿ ಯೋಜನೆಯಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಗಾಡಿ ಬೆಲೆಯ ಶೇ 75 ಸಹಾಯಧನ, ಆದರೆ ಗರಿಷ್ಠ 4 ಲಕ್ಷ. ಹಿಂದುಳಿದವರಿಗೆ, ಅಲ್ಪಸಂಖ್ಯಾತರಿಗೆ ಶೇ 50, ಗರಿಷ್ಠ 3 ಲಕ್ಷ. ಶೇ 75 ಅಂತ ದೊಡ್ಡ ಅಕ್ಷರದಲ್ಲಿ ಹಾಕ್ತಾರ, ಆ "ಗರಿಷ್ಠ" ಅನ್ನೋದನ್ನ ಯಾರೂ ಓದೋದಿಲ್ಲ. ಒಂದು ಟನ್ನಿಗಿಂತ ಹೆಚ್ಚು ಹೊರುವ ಡೀಸೆಲ್ ಪಿಕಪ್ಪಿಗೆ ಷೋರೂಮ್ ದರ, ವಿಮೆ, ನೋಂದಣಿ, ಬಾಡಿ ಕಟ್ಟಿಸೋದು ಎಲ್ಲ ಸೇರಿಸಿ ಲೆಕ್ಕ ಹಾಕ್ರಿ, 4 ಲಕ್ಷ ಅರ್ಧಕ್ಕೂ ಸಾಲದು. ಉಳಿದದ್ದು ಬ್ಯಾಂಕಿನ ಸಾಲ, ಬಡ್ಡಿ ಸಮೇತ. ಇನ್ನು ತೆರಿಗೆ. ವಾಹನದ ಬಹುತೇಕ ಬಿಡಿಭಾಗಗಳ ಮೇಲೆ 2025ರ ಸೆಪ್ಟೆಂಬರ್ 22ರ ತನಕ ಜಿಎಸ್‌ಟಿ ಶೇ 28 ಇತ್ತು, ಈಗ 18. ಡೀಸೆಲ್ ಮೇಲಿನ ತೆರಿಗೆ ಬೇರೆ. ಕೇರಿಯ ಹುಡುಗ ಒಂದು ಕ್ಲಚ್ ಪ್ಲೇಟ್ ಹಾಕಿಸಿದಾಗೆಲ್ಲ ಸರ್ಕಾರಕ್ಕೆ ತೆರಿಗೆ ಕಟ್ಟಿದ್ದಾನೆ. "ನಮ್ಮ ತೆರಿಗೆ" ಅನ್ನೋರು ಆ ರಸೀದಿಯನ್ನೂ ಫೋಟೋ ಹೊಡೆದು ಹಂಚಲಿ.

ಈಗ ಬಾನೆಟ್ಟಿನ ಮಾತು.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ಗಾಡಿ ಕಡ್ಡಾಯ. ಹೊಗೆ ಕಡಿಮೆ ಆಗಬೇಕು, ಒಳ್ಳೇದೇ. ರಸ್ತೆ ಬದಿಯ ಮನೆಗಳಲ್ಲಿ ಮೊದಲು ಕೆಮ್ಮೋರು ನಮ್ಮ ಮಕ್ಕಳೇ, ಹಾಗಾಗಿ ನಾನು ಇದಕ್ಕೆ ವಿರೋಧಿ ಅಲ್ಲ. ಆದರೆ ಡೀಸೆಲ್ ಗಾಡಿಗೆ ಅದರ ಜೊತೆ ಡಿಪಿಎಫ್ ಅನ್ನೋದು ಬಂತು. ಹೊಗೆ ಹೋಗುವ ದಾರಿಯಲ್ಲಿ ಕೂತಿರೋ ಜೇನುಗೂಡಿನಂಥ ಜಾಳಿಗೆ. ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತೆ. ತುಂಬಿದ ಮೇಲೆ ಅದು ತನ್ನಷ್ಟಕ್ಕೆ ಮಸಿ ಸುಟ್ಟುಕೊಳ್ಳಬೇಕು, ಅದಕ್ಕೆ 600 ಡಿಗ್ರಿ ಹತ್ತಿರ ಕಾವು ಬೇಕು. ಆ ಕಾವು ಹುಟ್ಟಬೇಕಾದರೆ ಗಾಡಿ ಹೆದ್ದಾರಿಯಲ್ಲಿ ಒಂದೇ ಹದದ ವೇಗದಲ್ಲಿ ಇಪ್ಪತ್ತು ನಿಮಿಷವಾದರೂ ನಿಲ್ಲದೆ ಓಡಬೇಕು.

ನಮ್ಮ ಹುಡುಗರ ಗಾಡಿ ಎಲ್ಲಿ ಓಡ್ತಾವ? ದೇಸೂರಿನಿಂದ ಬೆಳಗಾವಿ ಕಡೆ ಹೊರಟರೆ ಮಚ್ಛೆ, ಪೀರನವಾಡಿ, ಉದ್ಯಮಬಾಗ, ಎಲ್ಲ ಹತ್ತು-ಹನ್ನೆರಡು ಕಿಲೋಮೀಟರಿನೊಳಗೆ. ಒಂದು ಫೌಂಡ್ರಿಯಿಂದ ಎರಕದ ಮಾಲು ಎತ್ತಿ ಇನ್ನೊಂದು ಮಷಿನ್ ಶಾಪಿಗೆ ಹಾಕು, ಗೇಟಿನಲ್ಲಿ ಸಾಲಿನಲ್ಲಿ ನಿಲ್ಲು, ಎಂಜಿನ್ ಚಾಲೂ ಇಟ್ಟುಕೊಂಡೇ ಮುಂದೆ ಮುಂದೆ ಸರಿ, ಮತ್ತೆ ನಾಲ್ಕು ಕಿಲೋಮೀಟರ್. ಇಡೀ ದಿನ ದುಡಿದರೂ ಆ ಜಾಳಿಗೆಗೆ ಬೇಕಾದ ಕಾವು ಬರೂದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತೆ. ಲೋಡ್ ಇದೆ, ಮುಟ್ಟಿಸಬೇಕು, ನಾಳೆ ನೋಡೋಣ ಅಂತ ಓಡಿಸ್ತಾರೆ. ಕೆಲವು ದಿನಕ್ಕೆ ಗಾಡಿ ಎಳೆಯೋದೇ ಬಿಡುತ್ತೆ. ಆ್ಯಕ್ಸಲರೇಟರ್ ಪೂರ್ತಿ ಒತ್ತಿದರೂ ಎತ್ತಿನ ಗಾಡಿಯಂತೆ ಹೋಗುತ್ತೆ. ಕೆಟ್ಟು ನಿಂತದ್ದಲ್ಲ ಅದು, ಒಳಗಿನ ಕಂಪ್ಯೂಟರೇ ಶಕ್ತಿ ಕಟ್ ಮಾಡಿರುತ್ತೆ. ಮಸಿ ಸುಡಲಿಕ್ಕೆ ಅಂತ ಮತ್ತೆ ಮತ್ತೆ ಹೆಚ್ಚಿಗೆ ಡೀಸೆಲ್ ಬಿಟ್ಟು, ಅದು ಪೂರ್ತಿ ಆಗದೇ ಹೋದರೆ ಆ ಡೀಸೆಲ್ ಇಳಿದು ಎಂಜಿನ್ ಆಯಿಲ್ಲಿಗೆ ಸೇರುತ್ತೆ. ಆಯಿಲ್ ಕಡ್ಡಿ ತೆಗೆದು ನೋಡಿದರೆ ಮಟ್ಟ ಏರಿರುತ್ತೆ. ಹುಡುಗ ಖುಷಿ ಪಡ್ತಾನೆ, ಆಯಿಲ್ ಕುಡಿಯೂದಿಲ್ಲ ನನ್ನ ಗಾಡಿ ಅಂತ. ಒಳಗೆ ತೆಳ್ಳಗಾದ ಆಯಿಲ್ ಬೇರಿಂಗ್ ತಿನ್ನುತ್ತಿರುತ್ತೆ.

ಗಾಡಿ ಕೊಡುವ ದಿನ ಇದನ್ನ ಅವನಿಗೆ ಯಾರು ಹೇಳಿದ್ರು? ಕೀಲಿ ಕೊಡೋ ಕಾರ್ಯಕ್ರಮದಲ್ಲಿ ಹಾರ ಇತ್ತು, ತೆಂಗಿನಕಾಯಿ ಇತ್ತು, ಫ್ಲೆಕ್ಸಿನಲ್ಲಿ ಶಾಸಕರ ಫೋಟೋ ಇತ್ತು. "ತಮ್ಮಾ, ನಿನ್ನ ಬಾಡಿಗಿ ಎಲ್ಲ ಐದು ಕಿಲೋಮೀಟರಿಂದು, ಈ ಡೀಸೆಲ್ ಗಾಡಿ ನಿನಗ ಬ್ಯಾಡ, ಪೆಟ್ರೋಲಿಂದೋ ಸಿಎನ್‌ಜಿದೋ ತಗೋ" ಅಂತ ಹೇಳೋ ಒಬ್ಬ ಮಿಸ್ತ್ರಿ ಆ ವೇದಿಕೆ ಮೇಲೆ ಇರಲಿಲ್ಲ.

ಆ ಹಳದಿ ದೀಪ ಆರಿಸಲಿಕ್ಕೆ ಸ್ಕ್ಯಾನರ್ ಬೇಕು. ಕಂಪನಿಯ ಸಾಫ್ಟ್‌ವೇರ್ ಇರೋ ಸ್ಕ್ಯಾನರ್ ಕಂಪನಿಯ ಸರ್ವಿಸ್ ಸೆಂಟರಿನಲ್ಲೇ. ಹಳೇ ಗಾಡಿಯ ಕಾಲದಲ್ಲಿ ಖಾನಾಪುರದ ಗಿಡದ ಕೆಳಗೆ ಸ್ಪ್ಯಾನರ್ ಹಿಡಿದು ಕೂತ ಮಿಸ್ತ್ರಿ ಕಿವಿಗೊಟ್ಟು ಕೇಳಿ ಹೇಳ್ತಿದ್ದ, "ನಾಜಲ್ ಹೋಗ್ಯಾವ" ಅಂತ. ಪಂಪು ಬಿಚ್ಚಿ, ತೊಳೆದು, ಕಟ್ಟಿ ಕೊಡ್ತಿದ್ದ. ಈಗಿನ ಇಂಜೆಕ್ಟರಿಗೆ ಡೀಸೆಲ್ ಬರೋದು ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ, ಅದರ ತೂತು ಕೂದಲೆಳೆ ಲೆಕ್ಕದ್ದು. ಮಳೆಗಾಲದಲ್ಲಿ ಟ್ಯಾಂಕಿನೊಳಗೆ ಒಂದಿಷ್ಟು ನೀರು ಸೇರಿದರೆ, ಕ್ಯಾನಿನಲ್ಲಿ ತಂದ ಡೀಸೆಲ್ಲಿನಲ್ಲಿ ಕಸ ಇದ್ದರೆ, ಫಿಲ್ಟರ್ ಬದಲಿಸೋದನ್ನ ಒಂದು ಸಾರಿ ಮುಂದೆ ಹಾಕಿದರೆ, ಇಂಜೆಕ್ಟರ್ ಸೆಟ್ ಹೋಯಿತು. ಫಿಲ್ಟರಿನ ರೇಟು ನೂರರ ಲೆಕ್ಕ, ಇಂಜೆಕ್ಟರಿನ ರೇಟು ಸಾವಿರಗಳ ಲೆಕ್ಕ. ಫಿಲ್ಟರ್ ಬದಲಿಸೋ ವಾರ ಕಂತು ಕಟ್ಟೋ ವಾರವೂ ಆಗಿದ್ದರೆ ಯಾವುದು ಮೊದಲು? ನೀವೇ ಹೇಳ್ರಿ. ಹತ್ತು ಗಾಡಿ ಇಟ್ಟ ಸಾಹುಕಾರನಿಗೆ ಈ ಪ್ರಶ್ನೆಯೇ ಬರೋದಿಲ್ಲ. ಅವನ ಗಾಡಿಯೂ ಇದೇ ಕಂಪನಿಯದು, ಅದೂ ಕೆಡುತ್ತೆ, ಆದರೆ ಒಂದು ನಿಂತರೆ ಒಂಬತ್ತು ಓಡ್ತಾವ. ನಮ್ಮವನದು ಒಂದೇ. ಅದು ನಿಂತರೆ ಅವನೂ ನಿಂತ. ಗಾಡಿ ನಿಂತ ದಿನಕ್ಕೂ ಕಂತು ಇದ್ದೇ ಇದೆ. ವಿಮೆ ಇದೆಯಲ್ಲ ಅಂತ ಕೇಳೋರಿದ್ದಾರೆ. ಅಪಘಾತಕ್ಕೆ, ಕಳವಿಗೆ ವಿಮೆ. ಯಂತ್ರ ತಾನಾಗಿ ಕೆಟ್ಟರೆ ಸಾಮಾನ್ಯ ವಾಹನ ವಿಮೆ ಒಂದು ರೂಪಾಯಿ ಕೊಡೋದಿಲ್ಲ.

ಇನ್ನು ಪಾಟಾ ಮತ್ತು ಕ್ಲಚ್. ಇದರಲ್ಲಿ ನನಗೆ ಸಿಟ್ಟು ಹೆಚ್ಚು, ಯಾಕಂದ್ರ ಇಲ್ಲಿ ಕೆಡೋದು ಗಾಡಿ, ಕೆಡಿಸೋನು ಬೇರೆ.

ಚೋಟಾ ಹಾಥಿ ಅಂತ ಕರೆಯೋ ಸಣ್ಣ ಗಾಡಿ 2005ರಲ್ಲಿ ಬಂದಾಗಿನಿಂದ ಅದು ಹೊರಬೇಕಾದದ್ದು ಮುಕ್ಕಾಲು ಟನ್ನಿನ ಆಸುಪಾಸು. ಎರಕದ ಮಾಲು ನೋಡಲಿಕ್ಕೆ ಸ್ವಲ್ಪ, ತೂಕಕ್ಕೆ ರಾಕ್ಷಸ. ಖಾನಾಪುರದ ಇಟ್ಟಿಗೆಯೂ ಹಂಗೇ. ಮಾಲಿನ ಧಣಿ "ಒಂದೇ ಟ್ರಿಪ್ಪಿನಾಗ ಮುಗಿಸಿಬಿಡು" ಅಂತಾನೆ. ಒಲ್ಲೆ ಅಂದರೆ? ಮುಂದಿನ ಸಾರಿ ಫೋನು ಬರೋದಿಲ್ಲ. ಅಡ್ಡಾದಲ್ಲಿ ನಿಂತ ಇಪ್ಪತ್ತು ಗಾಡಿಯಲ್ಲಿ ಒಲ್ಲೆ ಅನ್ನೋ ತಾಕತ್ತು ಯಾರಿಗಿದೆ ಅಂತ ನೋಡ್ರಿ. ಧಣಿಯ ಊರಿನವನಿಗೆ ಇದೆ, ಬೀಗನಿಗೆ ಇದೆ, ಹೊಲ ಇದ್ದವನಿಗೆ ಇದೆ. ನಿಗಮದಿಂದ ಗಾಡಿ ತಗೊಂಡ ನಮ್ಮವನಿಗೆ ಇಲ್ಲ. ಹಾಗಾಗಿ ಒಂದೂವರೆ ಟನ್ ಹೇರ್ತಾರೆ. ಪಾಟಾದ ಎಲೆ ಒಂದೊಂದಾಗಿ ಮುರೀತಾವ. ಹಿಂದಿನ ಟೈರು ಒಳಮಗ್ಗುಲಲ್ಲಿ ಸವೆದು ತಂತಿ ಕಾಣುತ್ತೆ. ಬ್ರೇಕ್ ಲೈನಿಂಗ್ ಎರಡು ಪಟ್ಟು ಬೇಗ ಹೋಗುತ್ತೆ. ಏರಿನಲ್ಲಿ ಅರ್ಧ ಕ್ಲಚ್ಚಿನ ಮೇಲೆ ನಿಲ್ಲಿಸಿ ಎಳೆಸಿ ಎಳೆಸಿ ಪ್ಲೇಟ್ ಸುಟ್ಟ ವಾಸನೆ. ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಮಜೂರಿ ಎಲ್ಲ ಸೇರಿ ಒಂದು ತಿಂಗಳ ಕಂತಿನಷ್ಟು ಹೋಯಿತು ಅಂತ ಇಟ್ಕೊಳ್ರಿ.

ತರಕಾರಿ ಹೇರಿಕೊಂಡು ಗೋವಾಕ್ಕೆ ಹೋಗೋರ ಕತೆ ಇನ್ನೂ ಬೇರೆ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನಲ್ಲಿ ಮಳೆ, ಮಂಜು, ತಗ್ಗು. ಇಳಿಯುವಾಗ ಬ್ರೇಕ್ ಕಾದು ಹಿಡಿಯೋದಿಲ್ಲ, ಏರುವಾಗ ರೇಡಿಯೇಟರ್ ಕುದಿಯುತ್ತೆ. ಕೂಲಂಟ್ ದುಬಾರಿ ಅಂತ ಬರೀ ಹಳ್ಳದ ನೀರು ಹಾಕಿ ಓಡಿಸಿದವರ ರೇಡಿಯೇಟರಿನೊಳಗೆ ತುಕ್ಕು ಕಟ್ಟಿ ಹೆಡ್ ಗ್ಯಾಸ್ಕೆಟ್ ತನಕ ಹೋಗಿದೆ.

ಹೆಚ್ಚಿಗೆ ಭಾರ ಹೇರಿದ್ದಕ್ಕೆ 2019ರ ತಿದ್ದುಪಡಿ ಆದ ಮೋಟಾರು ವಾಹನ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಮೇಲೆ ಹೆಚ್ಚುವರಿ ಒಂದೊಂದು ಟನ್ನಿಗೂ 2,000. ದಂಡದ ಚೀಟಿ ಬರೋದು ಗಾಡಿ ನಂಬರಿಗೆ. ಹೇರಿಸಿದ ಧಣಿಯ ಗೋದಾಮಿನ ನಂಬರಿಗೆ ಬಂದದ್ದನ್ನ ನಾನಂತೂ ನೋಡಿಲ್ಲ.

ಲೋಡಿಗೂ ಜಾತಿ ಇದೆ ಅಂದ್ರ ಕೆಲವರಿಗೆ ನಗು ಬರತೈತಿ. ಕೇಳ್ರಿ. ಅಡ್ಡಾದಲ್ಲಿ ನೀಲಿ ಸ್ಟಿಕರ್, ಬಾಬಾಸಾಹೇಬರ ಫೋಟೋ ಹಾಕಿದ ಗಾಡಿಗೆ ಬರೋ ಲೋಡ್ ಯಾವುದು? ತಿಪ್ಪೆ ಗೊಬ್ಬರ, ಕಟ್ಟಡ ಒಡೆದ ರಾಡಿ, ಗುಜರಿ, ಸತ್ತ ಎಮ್ಮೆ. ಮದುವೆಯ ಅಡಿಗೆ ಪಾತ್ರೆ, ಜಾತ್ರೆಯ ಪ್ರಸಾದದ ಸಾಮಾನು, ಹಾಲಿನ ಕ್ಯಾನು ಪಕ್ಕದ ಗಾಡಿಗೆ. ಬಾಯಿಬಿಟ್ಟು ಜಾತಿ ಅನ್ನೋದಿಲ್ಲ, "ನಿನ್ನ ಗಾಡಿ ಹೊಲಸೈತಿ" ಅಂತಾರೆ. ಹೊಲಸು ಲೋಡ್ ಕೊಟ್ಟವರೂ ಅವರೇ, ಹೊಲಸು ಅನ್ನೋರೂ ಅವರೇ. ಇದು ಮರ್ಯಾದೆಯ ಪ್ರಶ್ನೆ ಅಷ್ಟೇ ಅಲ್ಲ, ತಗಡಿನ ಪ್ರಶ್ನೆಯೂ ಹೌದು. ಹಸಿ ಗೊಬ್ಬರ, ರಾಸಾಯನಿಕ ಗೊಬ್ಬರ ಬಾಡಿಯ ತಳದ ತಗಡನ್ನು ತಿಂದು ಹಾಕ್ತಾವ. ಎರಡು ಮಳೆಗಾಲಕ್ಕೆ ತಳ ಜರಡಿ, ವೆಲ್ಡಿಂಗ್ ಮೇಲೆ ವೆಲ್ಡಿಂಗ್. ಗಾಡಿ ಪಾಸಿಂಗಿಗೆ ಹೋದಾಗ ಇದೂ ಒಂದು ತಕರಾರು. ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ ಪಾಸಿಂಗ್, ಆಮೇಲೆ ವರ್ಷಾ ವರ್ಷ.

ಗಾಡಿ ನಿಲ್ಲಿಸೋ ಜಾಗವೂ ಅಷ್ಟೇ. ನಮ್ಮ ಕೇರಿಗಳ ಓಣಿಯಲ್ಲಿ ಸೈಕಲ್ ಎದುರಿಗೆ ಬಂದರೆ ಒಬ್ಬರು ಹಿಂದೆ ಸರಿಯಬೇಕು. ಗಾಡಿ ಊರ ಮುಂದಿನ ರಸ್ತೆಗೇ ನಿಲ್ಲಬೇಕು. ರಾತ್ರಿ ಬ್ಯಾಟರಿ ಹೋಗುತ್ತೆ, ಡೀಸೆಲ್ ಹೋಗುತ್ತೆ. ಶೆಡ್ ಇಲ್ಲ, ಮಳೆಗೆ ಕನೆಕ್ಟರುಗಳಲ್ಲಿ ನೀರು ಕೂತು ಹಸಿರು ಬಣ್ಣದ ಕಿಲುಬು. ಇಲಿ ವೈರಿಂಗ್ ಕಡಿಯುತ್ತೆ. ಒಂದು ಸೆನ್ಸರಿನ ವೈರ್ ತುಂಡಾದರೂ ಈಗಿನ ಗಾಡಿ ಸ್ಟಾರ್ಟ್ ಆಗೋದಿಲ್ಲ, ಮತ್ತೆ ಸ್ಕ್ಯಾನರ್, ಮತ್ತೆ ಬೆಳಗಾವಿ ತನಕ ಟೋಯಿಂಗ್. ಗುಡಿ ಮುಂದೆ ನಿಲ್ಲಿಸಬ್ಯಾಡ, ಗೌಡರ ಕಟ್ಟೆ ಮುಂದೆ ನಿಲ್ಲಿಸಬ್ಯಾಡ ಅನ್ನೋ ಊರುಗಳೂ ಇದ್ದಾವೆ, ಹೆಸರು ಹೇಳಿ ಇನ್ನೊಂದು ಜಗಳ ತೆಗೆಯೋದಿಲ್ಲ.

ಮಸಿ ಬಿಡ್ರಿ, ಸ್ಕ್ಯಾನರಿನ ಮಾತಿಗೆ ಮತ್ತೆ ಬರ್ತೀನಿ, ಯಾಕಂದ್ರ ಬೀಗ ಇರೋದು ಅಲ್ಲೇ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ನಮ್ಮ ರಸ್ತೆ ಮೇಲೆ ಪಿಕಪ್ ಮಾರೋ ದೊಡ್ಡ ಕಂಪನಿಗಳೂ ಅದರಲ್ಲಿದ್ದವು. ತಪ್ಪೇನು? ಬಿಡಿಭಾಗ, ತಪಾಸಣೆಯ ಉಪಕರಣ, ದುರಸ್ತಿಯ ಕೈಪಿಡಿ ಇವನ್ನ ಹೊರಗಿನ ಗ್ಯಾರೇಜಿಗೆ ಸಿಗದಂತೆ ಕಟ್ಟಿಹಾಕಿದ್ದು. ಹೊರಗಿನ ಮಿಸ್ತ್ರಿಗೂ ಇವು ಸಿಗುವಂತೆ ಮಾಡಿ ಅಂತ ಆಯೋಗ ಆದೇಶಿಸಿತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಸಾರಾಸಗಟು ವಾರಂಟಿ ರದ್ದು ಮಾಡುವಂತಿಲ್ಲ ಅಂತಲೂ ಹೇಳಿತು. ಕಂಪನಿಗಳು ಕೋರ್ಟಿಗೆ ಹೋದವು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ದುರಸ್ತಿಯ ಹಕ್ಕಿಗೆ ಅಂತ ಒಂದು ಸಮಿತಿ ಮಾಡಿತು, ವಾಹನಗಳನ್ನೂ ಸೇರಿಸಿತು, ಒಂದು ಜಾಲತಾಣವೂ ಬಂತು. ಖಾನಾಪುರದ ಗಿಡದ ಕೆಳಗಿನ ಮಿಸ್ತ್ರಿಗೆ ಸ್ಕ್ಯಾನರ್ ಇನ್ನೂ ಬಂದಿಲ್ಲ. ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ "ಹೊರಗ ಬಿಚ್ಚಿಸೀರಿ, ವಾರಂಟಿ ಇಲ್ಲ" ಅನ್ನೋ ಮಾತು ಮಾತ್ರ ಹಾಗೇ ಇದೆ.

ಬೀಗ ಹಾಕಿ ಕೀಲಿ ಕೆಲವರ ಕೈಯಲ್ಲೇ ಇಟ್ಟುಕೊಳ್ಳೋದು. ಈ ವ್ಯವಸ್ಥೆ ನಮಗೇನು ಹೊಸದಾ? 1938ರ ಫೆಬ್ರವರಿಯಲ್ಲಿ ಮನಮಾಡದಲ್ಲಿ ಜಿಐಪಿ ರೈಲ್ವೆಯ ಅಸ್ಪೃಶ್ಯ ಕಾರ್ಮಿಕರ ಸಮ್ಮೇಳನ ನಡೆಯಿತು. ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಎರಡೂ ನಮ್ಮ ಶತ್ರುಗಳು ಅಂತ ಬಾಬಾಸಾಹೇಬರು ಹೇಳಿದ್ದು ಅಲ್ಲೇ. ಆ ಸಾಲನ್ನ ಎಲ್ಲರೂ ಪೋಸ್ಟರ್ ಮಾಡ್ತಾರೆ. ಅದೇ ಭಾಷಣದಲ್ಲಿ ರೈಲ್ವೆಯ ಲೆಕ್ಕ ಬಿಚ್ಚಿಟ್ಟಿದ್ದನ್ನ ಓದೋರು ಕಡಿಮೆ. ನಮ್ಮವನು ಗ್ಯಾಂಗ್‌ಮನ್ ಆಗಿ ಸೇರಿ ಗ್ಯಾಂಗ್‌ಮನ್ ಆಗಿಯೇ ಮುಗಿಯುತ್ತಾನೆ. ಪೋರ್ಟರ್ ಕೆಲಸವೂ ಸಿಗೋದಿಲ್ಲ, ಯಾಕಂದ್ರ ಪೋರ್ಟರ್ ಸ್ಟೇಷನ್ ಮಾಸ್ತರನ ಮನೆಗೆಲಸವನ್ನೂ ಮಾಡಬೇಕು. ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್, ಮಿಸ್ತ್ರಿ ಆಗೋದು ಅಪರೂಪ, ಅವನು ಕೂಲಿಯಾಗಿ ಬಂದು ಕೂಲಿಯಾಗಿಯೇ ಉಳೀತಾನೆ. ಯಂತ್ರದ ಹತ್ತಿರ ಬಿಟ್ಟುಕೊಳ್ಳಬೇಕಾದರೂ ಜಾತಿ ಕೇಳಿದ ದೇಶ ಇದು. ಈಗ ಉದ್ಯಮಬಾಗಕ್ಕೆ ಹೋಗಿ ನೋಡ್ರಿ. ದೇಶದ ಗಾಡಿಗಳಿಗೆ ಹೋಗೋ ಎರಕದ ಭಾಗಗಳು ಇಲ್ಲೇ ಆಗ್ತಾವ. ಕುಲುಮೆ ಮುಂದೆ ಬೆವರು ಸುರಿಸೋದರಲ್ಲಿ, ಮರಳು ಹೊರೋದರಲ್ಲಿ ನಮ್ಮ ಮಕ್ಕಳಿದ್ದಾರೆ. ಅದೇ ಭಾಗ ಕಂಪನಿಯ ಡಬ್ಬಿಯಲ್ಲಿ, ಕಂಪನಿಯ ರೇಟಿನಲ್ಲಿ ತಿರುಗಿ ಬಂದಾಗ ಕೊಳ್ಳೋದೂ ನಾವೇ.

ನನ್ನ ಹೊಟ್ಟೆಪಾಡು ಆಫೀಸಿನ ಕಡತದ ಜೊತೆ. ಯೋಜನೆಗಳ ಪ್ರಗತಿ ತಖ್ತೆ ಹೆಂಗಿರತಾವ ಅಂತ ಗೊತ್ತು. ಗುರಿ ಎಷ್ಟು, ಸಾಧನೆ ಎಷ್ಟು, ಶೇಕಡಾ ಎಷ್ಟು. ಗಾಡಿ ವಿತರಣೆ ಆದ ದಿನಕ್ಕೆ ಸಾಧನೆ ನೂರಕ್ಕೆ ನೂರು. ಆ ಗಾಡಿ ಮೂರು ವರ್ಷದ ಮೇಲೆ ಓಡ್ತಾ ಇದೆಯಾ, ಎಷ್ಟು ದಿನ ನಿಂತಿತು, ರಿಪೇರಿಗೆ ಎಷ್ಟು ಹೋಯಿತು, ಇಂಥ ಕಾಲಂ ನಾನು ನೋಡಿದ ಯಾವ ತಖ್ತೆಯಲ್ಲೂ ಇಲ್ಲ. ಕಾಲಂ ಇಲ್ಲದ ಕಡೆ ವಾಟ್ಸಾಪ್ ಫೋಟೋ ಬಂದು ಕೂರುತ್ತೆ. ಕೀಲಿ ಕೊಡೋ ದಿನ ಸಚಿವರ ಪಕ್ಕ ನಿಂತು ಫೋಟೋ ತೆಗೆಸಿಕೊಂಡ ನಮ್ಮ ಕೆಲವು ಮುಖಂಡರೂ ಗಾಡಿ ನಿಂತ ದಿನ ಆ ಕಡೆ ಹಾಯೋದಿಲ್ಲ. ಅವರಿಗೂ ಈ ಪೋಸ್ಟ್ ಮುಟ್ಟಲಿ.

ಹಣ ಇಲ್ಲ ಅನ್ನೋ ಮಾತು ಬೇಡ. 2013ರ ಉಪಯೋಜನೆ ಕಾಯ್ದೆ ನಮ್ಮ ಜನಸಂಖ್ಯೆಗೆ ತಕ್ಕ ಪಾಲು ಕೊಡಬೇಕು ಅನ್ನುತ್ತೆ. 7ಡಿ ಕಲಂ ತೆಗೆದು ಹಾಕಿದ್ದೂ ಹೋರಾಟದಿಂದಲೇ, 2023ರಲ್ಲಿ. ಆದರೂ 2024-25ರಲ್ಲಿ ಆ ಹಣದಲ್ಲಿ 14 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿಗಳ ಲೆಕ್ಕಕ್ಕೆ ಹೋಯಿತು. ಅದರ ಜಗಳ ಬೇರೆ ಪೋಸ್ಟಿನಲ್ಲಿ.

ನಾವು ಕೇಳಬೇಕಾದದ್ದು ಹೊಸ ಗಾಡಿಗಳ ಸಂಖ್ಯೆ ಒಂದನ್ನೇ ಅಲ್ಲ. ಕೊಡೋ ಮುಂಚೆ ಆ ಹುಡುಗನ ಬಾಡಿಗೆಯ ದಾರಿ, ದೂರ, ಮಾಲು ಕೇಳಿ ಅದಕ್ಕೆ ಹೊಂದೋ ಗಾಡಿ ಆರಿಸಲು ಸಹಾಯ ಮಾಡ್ರಿ. ಸಹಾಯಧನದ ಜೊತೆಗೆ ಐದು ವರ್ಷದ ನಿರ್ವಹಣಾ ಒಪ್ಪಂದ ಮತ್ತು ವಿಸ್ತರಿಸಿದ ವಾರಂಟಿ ಕಟ್ಟಾಯವಾಗಿ ಸೇರಿಸ್ರಿ, ನೂರಾರು ಗಾಡಿ ಒಟ್ಟಿಗೆ ಕೊಳ್ಳುವ ನಿಗಮಕ್ಕೆ ಕಂಪನಿ ರೇಟು ಇಳಿಸಿ ಕೊಡಲೇಬೇಕು. ದೊಡ್ಡ ರಿಪೇರಿಗೆ ಗಾಡಿ ನಿಂತರೆ ಆ ತಿಂಗಳುಗಳ ಕಂತನ್ನು ದಂಡಬಡ್ಡಿ ಇಲ್ಲದೆ ಮುಂದೂಡ್ರಿ. ರಾಜ್ಯದಲ್ಲಿ 150 ಸರ್ಕಾರಿ ಐಟಿಐಗಳನ್ನ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸದು ಮಾಡಿದ್ದೀರಿ. ಐಟಿಐಗೆ ಸ್ಕ್ಯಾನರ್ ಕೊಟ್ಟು ವಾರಕ್ಕೆ ಒಂದು ದಿನ ನಿಗಮದ ಗಾಡಿಗಳಿಗೆ ಬಾಗಿಲು ತೆಗೀರಿ, ಡೀಸೆಲ್ ಮೆಕ್ಯಾನಿಕ್ ಕಲಿಯೋ ನಮ್ಮ ಮಕ್ಕಳಿಗೂ ಕೈಗೆ ಕೆಲಸ ಸಿಗುತ್ತೆ. ಪಾಠದ ಎಂಜಿನ್ ಮಾತ್ರ ಬಿಚ್ಚಿ ಕಟ್ಟಿ ಎಷ್ಟು ವರ್ಷ ಕಲೀತಾರ? ಹೇರಿಸಿದ ಧಣಿಗೂ ದಂಡ ಬೀಳಲಿ.

ಇದನ್ನ ಮನವಿ ಮಾಡಿ ಕೊಡಬೇಕಾದರೆ ಬರೀ ಸಿಟ್ಟು ಸಾಲೋದಿಲ್ಲ, ಲೆಕ್ಕ ಬೇಕು. ಬೆಳಗಾವಿ, ಖಾನಾಪುರ ತಾಲೂಕಿನಲ್ಲಿ ಯಾವುದೇ ನಿಗಮದಿಂದ ಗಾಡಿ ತಗೊಂಡ ಬಂಧುಗಳು ನನಗೆ ಇನ್‌ಬಾಕ್ಸ್ ಮಾಡ್ರಿ: ಗಾಡಿ ಯಾವುದು, ಯಾವ ವರ್ಷದ್ದು, ಎಷ್ಟು ಕಿಲೋಮೀಟರ್ ಓಡಿದೆ, ಮೊದಲು ಕೆಟ್ಟದ್ದು ಏನು, ಎಷ್ಟು ದಿನ ನಿಂತಿತು, ಎಷ್ಟು ಖರ್ಚು. ರಿಪೇರಿ ಬಿಲ್ಲಿನ ಫೋಟೋ ಕಳಿಸ್ರಿ, ಹೆಸರು, ಗಾಡಿ ನಂಬರ್ ಬೆರಳಿಟ್ಟು ಮುಚ್ಚಿ ತೆಗೀರಿ. ಬಿಲ್ ಇಲ್ಲದಿದ್ದರೆ ಮಿಸ್ತ್ರಿ ಚೀಟಿಯಾದರೂ ನಡೀತೈತಿ. ಬರೆಯಾಕ ಆಗದಿದ್ದವರು ವಾಯ್ಸ್ ಮೆಸೇಜ್ ಹಾಕ್ರಿ, ಆಫೀಸ್ ಬಿಟ್ಟ ಮೇಲೆ ಕೇಳಿ ನಾನೇ ಬರ್ಕೊಳ್ತೀನಿ. ಹಳದಿ ದೀಪ ಹತ್ತಿದ ಗಾಡಿ ಇದ್ದವರು ಮಾತ್ರ ನನ್ನ ಮೆಸೇಜಿಗೆ ಕಾಯಬ್ಯಾಡ್ರಿ. ಲೋಡ್ ಇಳಿಸಿ ಖಾನಾಪುರ ಹೆದ್ದಾರಿಗೆ ಹತ್ತಿಸಿ ಅರ್ಧ ತಾಸು ಒಂದೇ ವೇಗದಾಗ ಓಡಿಸಿ ನೋಡ್ರಿ, ಆರದಿದ್ದರ ಸ್ಕ್ಯಾನ್ ಮಾಡಿಸ್ರಿ. ಆಯಿಲ್ ಕಡ್ಡಿಯನ್ನೂ ಒಮ್ಮೆ ತೆಗೆದು ನೋಡ್ರಿ.